ಒಂಬತ್ತನೆಯ ದಿನದ ನೀರು

ಗುವಾಹಟಿ
12 ಜನವರಿ 2025

ಬೋವಿಕಾನದ ಏಕೈಕ ವಿಜ್ಞಾನಿ ರಸೀನಾ ಟೀಚರಿಗೆ,

(ಎಂಟನೇ ಕ್ಲಾಸಿನವರಿಗೆ ಲಿಟ್ಮಸ್ ಕಾಗದ ತೋರಿಸುವವರನ್ನೂ ವಿಜ್ಞಾನಿ ಎನ್ನಬಹುದೆಂದು ನಾನು ಉದಾರವಾಗಿ ಒಪ್ಪಿಕೊಂಡಿದ್ದೇನೆ.)

ಗಾಬರಿಯಾಗಬೇಡ, ಇದು ಕಾಗದವೇ. ಅಂಚೆಚೀಟಿಗೆ ನಾಲಗೆ ತಾಗಿಸಿ ಅಂಟಿಸಿದ್ದು. ಮೊನ್ನೆ ಫೋನಿನಿಂದ ವಾಟ್ಸಾಪನ್ನು ಕಿತ್ತು ಹಾಕಿದೆ. ನಮ್ಮ ಕುಟುಂಬದ ಗ್ರೂಪಿನಲ್ಲಿ ನೂರ ಹನ್ನೆರಡು ಜನ. ಬೆಳಗಾದರೆ ನೂರ ಹನ್ನೆರಡು ಗುಲಾಬಿ. ಅವಕ್ಕೆಲ್ಲ ನೀರು ಹಾಕುತ್ತ ಕೂತರೆ ನನ್ನ ಥೀಸಿಸ್ ಒಣಗುತ್ತದೆ. ಇನ್ನು ಮಾರ್ಚ್ ಮುಗಿಯುವವರೆಗೆ ನನಗೆ ಅಮ್ಮನ ಭಾನುವಾರದ ಫೋನು ಮತ್ತು ನಿನ್ನ ಕಾಗದ, ಇವೆರಡೇ ಗತಿ.

ನನ್ನ ಕೆಲಸವನ್ನು ಎಂಟನೇ ಕ್ಲಾಸಿಗೆ ಅರ್ಥವಾಗುವಂತೆ ಹೇಳು ಎಂದಿದ್ದಿ. ಹೇಳುತ್ತೇನೆ. ನನ್ನ ಅಪ್ಪ ಕುಂಞ ನಲವತ್ತು ವರ್ಷ ನೆಕ್ರಾಜೆಯ ಆಚೀಚೆಯ ಗುಡ್ಡಗಳಲ್ಲಿ ಸುರಂಗ ತೋಡಿದವರು. ಬಾವಿ ಕೆಳಕ್ಕೆ ಹೋಗುತ್ತದೆ, ಸುರಂಗ ಅಡ್ಡಕ್ಕೆ. ಒಬ್ಬ ಮನುಷ್ಯ ನುಸುಳುವಷ್ಟೇ ಅಗಲ. ಮುರಕಲ್ಲಿನ ಕೆಂಪು ಬಂಡೆಯ ಒಳಗಿರುವ ನೀರು ಪಂಪಿಲ್ಲದೆ, ಕರೆಂಟಿಲ್ಲದೆ ತಾನಾಗಿ ನಡೆದು ಹೊರಗೆ ಬರುತ್ತದೆ. ನಾನು ಮಾಡುತ್ತಿರುವುದೂ ಅದನ್ನೇ. ಗುಡ್ಡದ ಬದಲು ಕೂದಲಿನ ಸಾವಿರದಲ್ಲೊಂದು ಪಾಲಿನಷ್ಟಿರುವ ಕೊಬ್ಬಿನ ಗುಳ್ಳೆ. ಅದರ ಗೋಡೆಗೆ ಪೊರೆ ಎಂದು ಹೆಸರು. ಆ ಪೊರೆಯಲ್ಲಿ ನಾನೇ ಕಟ್ಟಿದ ಅಣುಗಳ ಸುರಂಗ. ನೀರಿನ ಕಣಗಳು ಅದರಲ್ಲಿ ಒಂದರ ಹಿಂದೆ ಒಂದು, ರೇಷನ್ ಅಂಗಡಿಯ ಸಾಲಿನಂತೆ, ದಾಟಬೇಕು. ಉಪ್ಪು ದಾಟಬಾರದು. ಇಂಥ ಕೊಳವೆ ನಮ್ಮ ಮೂತ್ರಪಿಂಡದಲ್ಲಿ ಹುಟ್ಟಿನಿಂದಲೇ ಉಂಟು; ಕೈಯಾರೆ ಮಾಡಿದರೆ ಒಂದು ದಿನ ಸಮುದ್ರದ ನೀರನ್ನೂ ಸುಲಭದಲ್ಲಿ ಕುಡಿಯುವಂತೆ ಮಾಡಬಹುದು. ನೀರನ್ನು ಬಿಡುವುದು ದೊಡ್ಡದಲ್ಲ ಮಾರಾಯ್ತಿ, ಯಾವ ತೂತೂ ಬಿಡುತ್ತದೆ. ಉಪ್ಪನ್ನು ತಡೆಯುವುದರಲ್ಲಿ ಉಂಟು ಮರ್ಯಾದೆ.

ಮಾರ್ಚ್ 27ಕ್ಕೆ ಐದನೇ ವರ್ಷದ ಪರಿಶೀಲನಾ ಸಮಿತಿ. ಅಷ್ಟರೊಳಗೆ ಅದನ್ನು ತೋರಿಸದಿದ್ದರೆ ಈ ವಿಷಯಕ್ಕೆ ಎಳ್ಳುನೀರು, ನನ್ನ ಪಿಎಚ್‌ಡಿಗೆ ತಣ್ಣೀರು. ನನ್ನ ಗೈಡ್ ಬರುವಾ ಮೇಡಂ ಹೆಸರಿಗೆ ಮಾತ್ರ ಬರುವಾ. ಲ್ಯಾಬಿಗೆ ಬರುವುದು ಹುಣ್ಣಿಮೆಗೊಮ್ಮೆ. ಅಪ್ಪ ಅಮ್ಮನಿಗೆ ಈ ಸಮಿತಿಯ ಸುದ್ದಿ ಹೇಳಬೇಡ.

ಅಪ್ಪ ಈಗ ಸುರಂಗಕ್ಕೆ ಇಳಿಯುವುದಿಲ್ಲ, ಅದೊಂದು ನೆಮ್ಮದಿ. ನಾವು ಡಿಗ್ರಿಯಲ್ಲಿದ್ದಾಗ ಮಣ್ಣು ಜರಿದು ಎರಡು ಗಂಟೆ ಒಳಗೇ ಉಳಿದದ್ದು, ನಿನ್ನ ಅಪ್ಪ ಮೊಯಿನುದ್ದೀನ್ ತೆವಳಿ ಹೋಗಿ ಕಾಲು ಹಿಡಿದು ಎಳೆದು ತಂದದ್ದು, ಹೊರಗೆ ನಾವಿಬ್ಬರೂ ಕೈ ಕೈ ಹಿಡಿದು ಕೂತದ್ದು ನೆನಪುಂಟಲ್ಲ? ಅಂದು ನನ್ನ ತಲೆ ಮುಟ್ಟಿಸಿ, ಇನ್ನು ಸುರಂಗದೊಳಗೆ ಕಾಲಿಡುವುದಿಲ್ಲ ಎಂದು ಅಪ್ಪನಿಂದ ಆಣೆ ತೆಗೆದುಕೊಂಡೆ. ತಲೆ ಈಗಲೂ ಕುತ್ತಿಗೆಯ ಮೇಲೆಯೇ ಉಂಟು.

ನಿನ್ನ
ರಶ್ಮಿತಾ


ಬೋವಿಕಾನ
21 ಜನವರಿ 2025

ಪೊರೆಯೊಳಗಿನ ದೊರೆಗೆ,

ಕಾಗದ ತಲುಪಿತು. ಪೋಸ್ಟ್‌ಮ್ಯಾನ್ ಗಣೇಶಪ್ರಸಾದ ಅದನ್ನು ಎರಡು ಕೈಯಲ್ಲಿ ಹಿಡಿದು ತಂದು ಕೊಟ್ಟ. "ಟೀಚರೇ, ಬ್ಯಾಂಕಿನದ್ದಲ್ಲ, ಕೋರ್ಟಿನದ್ದಲ್ಲ, ಮನುಷ್ಯರು ಬರೆದದ್ದು!" ಎಂದು ಅರ್ಧ ಗಂಟೆ ಆಶ್ಚರ್ಯಪಟ್ಟ.

ನೀನು ಇಲ್ಲಿ ಪ್ರಸಿದ್ಧಳಾಗಿದ್ದಿ. ನಿನ್ನೆ ನಿಸಾರನ ಬೇಕರಿಯಲ್ಲಿ:

"ಟೀಚರೇ, ಕುಂಞಣ್ಣನ ಮಗಳು ಚಾನೆಲ್ ಮಾಡಿದ್ದಾಳಂತೆ? ಸಬ್‌ಸ್ಕ್ರೈಬರ್ ಎಷ್ಟು?"

"ಅದು ನೀರಿನ ಚಾನೆಲ್ ಮಾರಾಯ."

"ಓ, ಮೀನು ಹಿಡಿಯುವ ವಿಡಿಯೋನಾ? ಅದಕ್ಕೆ ಒಳ್ಳೆ ಜನ ಉಂಟು."

ನಾನು ಅಣು, ಪೊರೆ, ಉಪ್ಪು ಎಂದು ವಿವರಿಸಿದೆ. ಅವನು ಪಫ್ಸ್ ಕಟ್ಟಿಕೊಟ್ಟು, "ಆದರೂ ಒಂದು ಬೆಲ್ ಐಕಾನ್ ಇಡಲಿಕ್ಕೆ ಹೇಳಿ" ಎಂದ.

ನಮ್ಮ ಮನೆಯ ಸುದ್ದಿ. ಬಾವಿ ಈ ಸಲ ಜನವರಿಯಲ್ಲೇ ತಳ ತೋರಿಸಿದೆ. ಉಪ್ಪ (ನೀನು ತಡೆಯುವ ಉಪ್ಪಲ್ಲ, ನನ್ನ ಅಪ್ಪ) ಬೋರ್‌ವೆಲ್ ಹಾಕಿಸೋಣ ಎಂದರು. ನನ್ನ ಅಜ್ಜಿ ಉಮ್ಮಾಲಿಮ್ಮ, ಎಂಬತ್ತೆರಡು ವರ್ಷ, ಹಲ್ಲು ನಾಲ್ಕು, ಅಭಿಪ್ರಾಯ ನಾನೂರು, ಅಂಗಳದಲ್ಲಿ ಕುರ್ಚಿ ಹಾಕಿ ಕೂತುಬಿಟ್ಟರು. "ನನಗೆ ಇಂಜೆಕ್ಷನ್ ಹೆದರಿಕೆ. ಭೂಮಿಗೆ ಆಗುವುದಿಲ್ಲವಾ? ಹಿಂದಿನ ಗುಡ್ಡಕ್ಕೆ ಸುರಂಗ ತೋಡಿಸಿ. ಇಲ್ಲದಿದ್ದರೆ ನಾನು ಉಪವಾಸ." ರಂಜಾನಿಗೆ ಇನ್ನೂ ಒಂದೂವರೆ ತಿಂಗಳು ಉಂಟು, ಅಷ್ಟು ಮುಂಚೆ ಬೇಡ ಎಂದು ಎಲ್ಲರೂ ಒಪ್ಪಿದೆವು.

ಕೆಲಸದವರು ಸಿಕ್ಕಿದ್ದಾರೆ. ನಿನಗೆ ಗೊತ್ತಿರಲಿಕ್ಕಿಲ್ಲ. ಗೊತ್ತಿಲ್ಲದ್ದನ್ನು ನಮ್ಮ ಶಾಸ್ತ್ರದಲ್ಲಿ ಎಕ್ಸ್ ಎನ್ನುತ್ತೇವಲ್ಲ, ಹಾಗೆ ಇವರು ಶ್ರೀ ಎಕ್ಸ್. ಗುಡ್ಡಕ್ಕೆ ಎರಡು ಸುತ್ತು ಬಂದರು, ಹುತ್ತ ನೋಡಿದರು, ಒಂದು ಮರದ ಬುಡದ ಮಣ್ಣು ಮೂಸಿದರು, ಕಡ್ಡಿ ಊರಿ "ಇಲ್ಲಿ" ಎಂದರು. ನಿಮ್ಮಲ್ಲಿ ಇಂಥದ್ದಕ್ಕೆ ಎಷ್ಟು ಮೀಟಿಂಗ್ ಬೇಕು?

ನಿನ್ನ ಸಮಿತಿಯ ಗುಟ್ಟು ನನ್ನಲ್ಲಿ ಭದ್ರ. ನಾನು ಗುಟ್ಟು ಇಟ್ಟುಕೊಳ್ಳುವುದರಲ್ಲಿ ಈಚೆಗೆ ಬಹಳ ಪಳಗಿದ್ದೇನೆ.

ನಿನ್ನ
ರಸೀನಾ


ಗುವಾಹಟಿ
2 ಫೆಬ್ರವರಿ 2025

ಗುಟ್ಟಿನ ಗಟ್ಟಿಗಿತ್ತಿಗೆ,

ಕೆಲಸ ಆಮೆಯ ಮೇಲೆ ಕೂತು ಹೊರಟಿದೆ. ಗುಳ್ಳೆ ಆಗುತ್ತದೆ, ಸುರಂಗ ಅದರೊಳಗೆ ಕೂರುವುದಿಲ್ಲ. ಸುರಂಗ ಕೂತರೆ ಗುಳ್ಳೆ ನಿಲ್ಲುವುದಿಲ್ಲ. ನಮ್ಮಲ್ಲೊಂದು ಯಂತ್ರ ಉಂಟು: ಗುಳ್ಳೆಗಳನ್ನೂ ಉಪ್ಪುನೀರನ್ನೂ ರೆಪ್ಪೆ ಮಿಟುಕಿಸುವುದರೊಳಗೆ ಬೆರೆಸಿ ಬೆಳಕು ಹಾಯಿಸುತ್ತದೆ. ಗುಳ್ಳೆಯೊಳಗಿನ ನೀರು ಹೊರಗೆ ಓಡಿದರೆ ಗುಳ್ಳೆ ಕುಗ್ಗುತ್ತದೆ, ಪರದೆಯ ಮೇಲೆ ಗೆರೆ ಏರುತ್ತದೆ. ನನ್ನ ಗೆರೆ ಈವರೆಗೆ ಏರಿದ್ದು ಹಣೆಯ ಮೇಲೆ ಮಾತ್ರ.

ನಿನ್ನ ಶ್ರೀ ಎಕ್ಸ್‌ಗೆ ಅನುಭವ ಉಂಟಾ? ತಲೆಯ ಮೇಲಿನ ಮಾಡನ್ನು ಕಮಾನಿನ ಹಾಗೆ ಕಡಿಯುತ್ತಾರಾ? ಮೇಣದಬತ್ತಿ ಒಯ್ಯುತ್ತಾರಾ? ಬತ್ತಿ ಮಂಕಾದರೆ ಗಾಳಿ ಕಡಿಮೆ ಎಂದು ಅರ್ಥ, ಕೂಡಲೇ ಹೊರಗೆ ಬರಬೇಕು. ಬೇಕಾದರೆ ನನ್ನ ಅಪ್ಪನನ್ನು ಕರೆಸಿ ಸಲಹೆ ಕೇಳು. ಹೊರಗೆ ಕುರ್ಚಿಯಲ್ಲಿ ಕೂರಿಸಿ ಚಾ ಕೊಟ್ಟು ಕೇಳು. ಒಳಗೆ ಮಾತ್ರ ಬಿಡಬೇಡ.

ಅಪ್ಪ ಅಂದಾಗ ನೆನಪಾಯಿತು. ಮೂರು ಭಾನುವಾರದಿಂದ ಫೋನಿನಲ್ಲಿ ಸಿಗುವುದಿಲ್ಲ. "ಅಪ್ಪ ಎಲ್ಲಿ?" ಎಂದರೆ ಅಮ್ಮ "ಪೇಟೆಗೆ ಹೋಗಿದ್ದಾರೆ" ಎನ್ನುತ್ತಾಳೆ. ಬೋವಿಕಾನ ಪೇಟೆಯಲ್ಲಿ ಅಷ್ಟು ಹೊತ್ತು ನೋಡಲಿಕ್ಕೆ ಎಂತ ಉಂಟು? ಕಂಡರೆ ಸ್ವಲ್ಪ ಗಮನವಿಡು.

ರಶ್ಮಿತಾ


ಬೋವಿಕಾನ
11 ಫೆಬ್ರವರಿ 2025

ಏರದ ಗೆರೆಯ ಒಡತಿಗೆ,

ನಿನ್ನ ಅಪ್ಪ ಪೇಟೆಯಲ್ಲಿ ಕಂಡರು. ಗಮನವಿಟ್ಟೆ. ಆರೋಗ್ಯವಾಗಿದ್ದಾರೆ. ನೀನು ಹೇಳಿದ ಹಾಗೆ ಸಲಹೆಯನ್ನೂ ಕೇಳುತ್ತಿದ್ದೇನೆ, ದಿನಾ, ಬಹಳ ಹತ್ತಿರದಿಂದ.

ಸುರಂಗ ಹದಿನೇಳು ಕೋಲು ಆಗಿದೆ, ನಮ್ಮ ಶಾಲೆಯ ಲೆಕ್ಕದಲ್ಲಿ ಸುಮಾರು ನಲವತ್ತು ಅಡಿ. ಮಾಡು ಕಮಾನಿನ ಹಾಗೆಯೇ ಉಂಟು, ಮೇಣದಬತ್ತಿಯೂ ಉಂಟು. ಸಾಲದ್ದಕ್ಕೆ ನನ್ನ ಮದುವೆಯ ಕಪಾಟಿನ ಕನ್ನಡಿಯನ್ನು ಬಿಚ್ಚಿ ಸುರಂಗದ ಬಾಯಿಯ ಎದುರು ನಿಲ್ಲಿಸಿ ಬಿಸಿಲನ್ನು ಒಳಗೆ ತಿರುಗಿಸಿದ್ದಾರೆ. ನನ್ನ ಮುಖ ನೋಡಿಕೊಳ್ಳುವುದಕ್ಕಿಂತ ಇದೇ ಒಳ್ಳೆಯ ಉಪಯೋಗ ಎಂದು ಅಜ್ಜಿ. ಎಕ್ಸ್ ಮತ್ತು ಅಜ್ಜಿಯ ಮಾತು ದಿನಾ ಕೇಳಲಿಕ್ಕೆ ಚಂದ.

"ಎಂತ, ನೀರು ಸಿಕ್ಕಿತಾ?"

"ಇಲ್ಲ ಉಮ್ಮಾ. ಗುಡ್ಡ ನಿಮ್ಮ ಹಾಗೆ, ಬೇಗ ಒಪ್ಪುವುದಿಲ್ಲ."

"ಒಪ್ಪಿದ ಮೇಲೆ ನನ್ನ ಹಾಗೆ ಧಾರಾಳ. ತೋಡು."

ನಾನು ಶಾಲೆ ಬಿಟ್ಟ ಕೂಡಲೇ ಬಂದು ಬಾಯಿಯಲ್ಲಿ ಕೂರುತ್ತೇನೆ. ಅವರ ಸೊಂಟಕ್ಕೆ ಹಗ್ಗ, ತುದಿ ನನ್ನ ಕೈಯಲ್ಲಿ. ಐದು ನಿಮಿಷಕ್ಕೊಮ್ಮೆ ನಾನು ಕೂಗುವುದು, ಅವರು ಒಳಗಿಂದ "ಓಯ್" ಎನ್ನುವುದು. ಉತ್ತರಪತ್ರಿಕೆ ತಿದ್ದುವುದೂ ಅಲ್ಲಿಯೇ. ಈ ಸಲ ಎಂಟನೇ ಕ್ಲಾಸಿನವರ ಅಂಕಗಳಲ್ಲಿ ಮಣ್ಣು ಬಿದ್ದಿದೆ.

ನಿನ್ನ ಗೆರೆ ಏರಲಿ. ಅಮೀನ್.

ರಸೀನಾ


ಗುವಾಹಟಿ
22 ಫೆಬ್ರವರಿ 2025

ರಸೀನಾ! ರಸೀನಾ! ರಸೀನಾ!

ಏರಿತು! ಗೆರೆ ಏರಿತು! ಅದೂ ಹೇಗೆ, ಕಾಸರಗೋಡು ಸ್ಟೇಷನ್ನಿನಲ್ಲಿ ರೈಲು ಹೊರಡುವಾಗ ಜನ ಏರುವ ಹಾಗೆ! ಬರೀ ಗುಳ್ಳೆಗಿಂತ ಮೂವತ್ತು ಪಟ್ಟು ವೇಗ. ನಾಲ್ಕು ಸಲ ಮಾಡಿದೆ, ನಾಲ್ಕು ಸಲವೂ ಹಾಗೆಯೇ. ಬರುವಾ ಮೇಡಂ ಓಡಿ ಬಂದರು. ಓಡಿ! ಹೆಸರು ಸಾರ್ಥಕವಾಯಿತು. ಅವರ ಕಣ್ಣು ನೋಡಬೇಕಿತ್ತು. ನನ್ನ ಹೆಸರನ್ನು ಐದು ವರ್ಷದಲ್ಲಿ ಮೊದಲ ಸಲ ಸರಿಯಾಗಿ ಉಚ್ಚರಿಸಿದರು.

ಮಾಡಿದ್ದು ಇಷ್ಟೇ: ಕೊಳವೆಯ ಎರಡು ತುದಿಗೆ ಪೊರೆಯನ್ನು ಕಚ್ಚಿ ಹಿಡಿಯುವ ಎರಡು ಬಾಲ ಸೇರಿಸಿದೆ, ಗುಳ್ಳೆಯಲ್ಲಿ ಕೊಳವೆಗಳ ಸಂಖ್ಯೆಯನ್ನೂ ಸರಿಯಾಗಿ ಏರಿಸಿದೆ. ನೀರಿನ ಕಣಗಳು ನನ್ನ ಸುರಂಗದಲ್ಲಿ ಸಾಲುಗಟ್ಟಿ ನಡೆದಿವೆ ರಸೀನಾ! ಸೆಕೆಂಡಿಗೆ ಕೋಟಿಗಟ್ಟಲೆ! ಉಪ್ಪಿನ ಪರೀಕ್ಷೆಯೂ ಆಯಿತು ಎನ್ನಬಹುದು. ಮಾರ್ಚ್ 27ಕ್ಕೆ ನಾನು ಸಮಿತಿಯ ಎದುರು ಕೂರುವುದಲ್ಲ, ಮೆರೆಯುವುದು.

ಊರಿಗೆಲ್ಲ ಹೇಳು. ಇಲ್ಲ, ಈಗ ಹೇಳಬೇಡ. ಇಲ್ಲ, ಹೇಳು!

ನಿನ್ನ ಹುಚ್ಚಿ
ರಶ್ಮಿತಾ


ಬೋವಿಕಾನ
24 ಫೆಬ್ರವರಿ 2025

ರಶ್ಮಿ,

ನೀರು! ನೀರು ಸಿಕ್ಕಿತು!

ನಿನ್ನೆ ಭಾನುವಾರ, ಮಧ್ಯಾಹ್ನ. ನಾನು ಕೂಗಿದೆ, "ಓಯ್" ಬರಲಿಲ್ಲ. ಮತ್ತೆ ಕೂಗಿದೆ. ಇಲ್ಲ. ಹಗ್ಗ ಎಳೆದೆ, ಹಗ್ಗ ಸಡಿಲ. ಉಪ್ಪ ಊಟದ ಕೈಯಲ್ಲೇ ಓಡಿ ಬಂದರು. ಸುರಂಗದ ಬಾಯಿಗೆ ನನ್ನ ಬಾಯಿ ಇಟ್ಟು ಕೂಗುತ್ತಲೇ ಇದ್ದೆ. ಅಷ್ಟರಲ್ಲಿ ಒಳಗಿಂದ ಹಿಮ್ಮುಖವಾಗಿ ತೆವಳುತ್ತ ಎರಡು ಕಾಲು, ಆಮೇಲೆ ಬೆನ್ನು, ಆಮೇಲೆ ತಲೆ. ತಲೆ ಪೂರ್ತಿ ಒದ್ದೆ! "ಕೂಗಿದ್ದು ಕೇಳಲಿಲ್ಲ ಮಗಾ, ನೀರಿನ ಶಬ್ದಕ್ಕೆ" ಎಂದರು. ಇಪ್ಪತ್ತೆಂಟನೇ ಕೋಲಿಗೆ, ಮುಷ್ಟಿ ದಪ್ಪದ ನೀರು! ಅಂಗಳದವರೆಗೆ ಹರಿದು ಕೋಳಿಗಳು ಹಾರಿ ಕೂತವು. ನಾನು ಚಪ್ಪಲಿ ಸಮೇತ ನೀರಲ್ಲಿ ಕುಣಿದೆ. ಟೀಚರು ಎನ್ನುವುದು ಮರೆತೇ ಹೋಗಿತ್ತು.

ಅಜ್ಜಿ ತಾಮ್ರದ ಚೊಂಬು ಹಿಡಿದು ಬಂದರು. ಎಕ್ಸ್ ಕೈ ಅಡ್ಡ ಹಿಡಿದರು.

"ಇದು ಮುಟ್ಟುವ ನೀರಲ್ಲ ಉಮ್ಮಾ. ಒಂಬತ್ತು ದಿನ ಸುಮ್ಮನೆ ಹರಿಯಲಿ."

"ಎಂತದು? ಮನೆಯಲ್ಲಿ ಕುಡಿಯಲಿಕ್ಕೆ ನೀರಿಲ್ಲ, ಇದು ತೋಡು ಹಳ್ಳಕ್ಕೆ ಹರಿದು ಹೋಗುವುದಾ?"

"ಮೊದಲಿಗೆ ಬರುವುದು ಗುಡ್ಡದ ಹೊಟ್ಟೆಯಲ್ಲಿ ನಿಂತದ್ದು. ಅದು ಯಾರಿಗೂ ಬರ್ತದೆ. ಅದು ಮುಗಿದ ಮೇಲೂ ಬಂದರೆ ಅದು ಬರುವ ನೀರು. ಒಂಬತ್ತನೇ ದಿನ ನೋಡುವ."

ಕೆಲಸ ಮುಗಿಸಿದ ಮರ್ಯಾದೆಗೆ ಅಜ್ಜಿ ತಟ್ಟೆಯಲ್ಲಿ ಎಲೆ ಅಡಕೆ ಕೊಟ್ಟರೆ ಅದನ್ನೂ ಮುಟ್ಟಲಿಲ್ಲ. "ಎಲೆಯೂ ಒಂಬತ್ತನೇ ದಿನಕ್ಕೆ." ಬೇರೆ ಸುರಂಗದವರೆಲ್ಲ ನೀರು ಕಂಡ ಕೂಡಲೇ ಎಲೆ ಜಗಿದು ಹೊರಡುತ್ತಾರಂತೆ. ಇವರೊಬ್ಬರದೇ ಈ ಕಟ್ಟಳೆ ಎಂದು ಉಪ್ಪ ಹೇಳಿದರು. ಅಜ್ಜಿ ಸಿಟ್ಟಿನಲ್ಲಿ ಚೊಂಬನ್ನು ಕೋಳಿಗಳಿಗೆ ತೋರಿಸಿ ಒಳಗೆ ಹೋದರು.

ನಿನ್ನ ಗೆರೆಯ ಕಥೆ ಎಂತ?

ರಸೀನಾ


ಬೋವಿಕಾನ
3 ಮಾರ್ಚ್ 2025

ಜಗದ್ವಿಖ್ಯಾತ ರಶ್ಮಿತಾ ಅವರಿಗೆ,

ನಿನ್ನ 22ರ ಕಾಗದ ಇವತ್ತು ಬೆಳಗ್ಗೆ ಬಂತು. ಉಪವಾಸದ ಎರಡನೇ ದಿನ, ಶಾಲೆಯ ಮೆಟ್ಟಿಲಲ್ಲಿ ಓದಿ ಅಲ್ಲಿಯೇ ಅತ್ತೆ. "ಹೇಳು, ಹೇಳಬೇಡ, ಹೇಳು" ಎಂದಿದ್ದಿ. ಮೂರರಲ್ಲಿ ಎರಡು ಮತ ಹೇಳುವುದಕ್ಕೆ ಬಿದ್ದಿದೆ. ಪ್ರಜಾಪ್ರಭುತ್ವ. ಹೇಳಿದೆ.

ನಿಸಾರನಿಗೆ ಹೇಳಿದ್ದು ಹತ್ತು ಗಂಟೆಗೆ. ನಾಲ್ಕು ಗಂಟೆಗೆ ಬೋವಿಕಾನ ಜಂಕ್ಷನ್ನಿನಲ್ಲಿ ಕ್ಲಬ್ಬಿನವರ ಫ್ಲೆಕ್ಸ್ ನಿಂತಿದೆ. ಹತ್ತು ಅಡಿ. "ಸಮುದ್ರವನ್ನೇ ಕುಡಿಯುವ ನೀರಾಗಿಸಿದ ನಮ್ಮೂರ ಹೆಮ್ಮೆಯ ರಶ್ಮಿತಾ ಕುಂಞ." ಫೋಟೋ ನಿನ್ನ ಹತ್ತನೇ ಕ್ಲಾಸಿನ ಹಾಲ್‌ಟಿಕೆಟ್ಟಿನದ್ದು. ಹಿಂದೆ ಸಮುದ್ರ, ಒಂದು ಡಾಲ್ಫಿನ್, ಕೆಳಗೆ ಒಂಬತ್ತು ಜನ ಕ್ಲಬ್ಬಿನವರ ಮುಖ. ನಿನ್ನ ಮುಖಕ್ಕಿಂತ ಅವರದ್ದು ದೊಡ್ಡದು.

ಸುರಂಗದ ವಿಷಯ ಆಮೇಲೆ ಬರೆಯುತ್ತೇನೆ. ಸ್ವಲ್ಪ ಕೆಲಸ ಉಂಟು.

ರಸೀನಾ


ಗುವಾಹಟಿ
5 ಮಾರ್ಚ್ 2025

ರಸೀನಾ,

ಲೆಕ್ಕ ಬಿಡಿಸಿದೆ. ಎಕ್ಸ್ ಅಂದರೆ ನನ್ನ ಅಪ್ಪ.

ನೀರು ಕಂಡರೂ ಒಂಬತ್ತು ದಿನ ಎಲೆ ಮುಟ್ಟದ ಮನುಷ್ಯ ಇಡೀ ತಾಲೂಕಿನಲ್ಲಿ ಒಬ್ಬರೇ ಇರುವುದು. ಚಿಕ್ಕವಳಿದ್ದಾಗ ಬೇರೆಯವರ ಅಂಗಳದಲ್ಲಿ ಅಪ್ಪನ ಮಡಿಲಲ್ಲಿ ಕೂತು "ಇನ್ನೂ ಎಷ್ಟು ದಿನ" ಎಂದು ಕೇಳಿದವಳು ನಾನು. ನನ್ನ ಅಪ್ಪನನ್ನು ನನಗೇ ಶ್ರೀ ಎಕ್ಸ್ ಎನ್ನುತ್ತೀಯಾ? ಹಗ್ಗ ಸಡಿಲವಾಯಿತಂತೆ, "ಓಯ್" ಬರಲಿಲ್ಲವಂತೆ, ಅದನ್ನು ನನಗೇ ತಮಾಷೆ ಮಾಡಿ ಬರೆಯುತ್ತೀಯಾ? ಓದುವಾಗ ನಗುತ್ತಿದ್ದೆ ನಾನು! ಯಾರದೋ ಅಪ್ಪ ಎಂದುಕೊಂಡು!

ಈ ಕಾಗದವನ್ನು ಇಲ್ಲಿಗೇ ನಿಲ್ಲಿಸಿ ನಿನ್ನೊಡನೆ ಎರಡು ವರ್ಷ ಮಾತು ಬಿಡಬೇಕೆಂದಿದ್ದೆ. ಆದರೆ ಇನ್ನೊಂದು ಉಂಟು, ಅದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

"ಉಪ್ಪಿನ ಪರೀಕ್ಷೆಯೂ ಆಯಿತು ಎನ್ನಬಹುದು" ಎಂದು ಬರೆದಿದ್ದೆನಲ್ಲ. ಆ "ಎನ್ನಬಹುದು" ಸುಳ್ಳಲ್ಲ, ಸುಳ್ಳಿನ ಸೋದರತ್ತೆ. ಗೆರೆ ಏರಿದ್ದು ನಿಜ. ಏರಿದ ಮೇಲೆ ಬಲತುದಿಯಲ್ಲಿ ಒಂದು ಚೂರು, ಹುಬ್ಬಿನಷ್ಟು, ಬಾಗಿತ್ತು. ನಾನು ಚಿತ್ರವನ್ನು ಎರಡನೇ ಸೆಕೆಂಡಿಗೆ ಕತ್ತರಿಸಿ ಮೇಡಂಗೆ ತೋರಿಸಿದೆ. ಎಲ್ಲರೂ ಅಷ್ಟೇ ತೋರಿಸುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ನಿನ್ನೆ ನಿನ್ನ ಕಾಗದ ಓದಿ, ಸಿಟ್ಟಿನಲ್ಲಿ ಲ್ಯಾಬಿಗೆ ಹೋಗಿ, ಯಂತ್ರ ಚಾಲೂ ಮಾಡಿ ಸುಮ್ಮನೆ ಕೂತೆ. ಅಪ್ಪನ ಮಾತು ಕಿವಿಯಲ್ಲಿ ಹಾಗೆಯೇ ಇತ್ತು: ಮೊದಲು ಬರುವುದು ಯಾರಿಗೂ ಬರ್ತದೆ. ಒಂಬತ್ತು ದಿನ ಅಲ್ಲದಿದ್ದರೂ ಒಂಬತ್ತು ನಿಮಿಷ ಓಡಲಿ ಎಂದು ಬಿಟ್ಟೆ. ಎರಡನೇ ಸೆಕೆಂಡಿನವರೆಗೆ ಮಹಾರಾಣಿ. ಇಪ್ಪತ್ತನೇ ಸೆಕೆಂಡಿಗೆ ಗೆರೆ ಇಳಿಯಲು ಶುರು. ಎರಡು ನಿಮಿಷಕ್ಕೆ ಪೂರಾ ನೆಲಕ್ಕೆ. ಅರ್ಥ ಗೊತ್ತಾಯಿತಲ್ಲ? ಉಪ್ಪು ಒಳಗೆ ಹೋಗಿದೆ, ಅದರ ಹಿಂದೆ ನೀರೂ ವಾಪಸು ಹೋಗಿದೆ, ಗುಳ್ಳೆ ಮತ್ತೆ ಉಬ್ಬಿದೆ. ನಾನು ಮಾಡಿದ್ದು ಸುರಂಗ ಅಲ್ಲ. ತೂತು.

ಮೇಡಂಗೆ ಪೂರ್ತಿ ಗೆರೆ ತೋರಿಸಿದೆ. ಅವರು ಗೋಡೆಯ ಕ್ಯಾಲೆಂಡರ್ ನೋಡಿ, "ಇಪ್ಪತ್ತೆರಡು ದಿನ ಉಂಟು" ಎಂದಷ್ಟೇ ಹೇಳಿ ಹೋದರು.

ಊರಿಗೆ ಹೇಳಿಲ್ಲ ತಾನೆ? ಮತ್ತು ಅಪ್ಪನನ್ನು ಇನ್ನು ಒಂದು ಗೇಣೂ ಒಳಗೆ ಬಿಡಬೇಡ.

ರಶ್ಮಿತಾ


ಬೋವಿಕಾನ
18 ಮಾರ್ಚ್ 2025

ರಶ್ಮಿ,

ಈ ಕಾಗದ ಅಂಚೆಯಲ್ಲಿ ಬಂದದ್ದಲ್ಲ. ಕೊಟ್ಟವರನ್ನು ಮೊದಲು ಒಳಗೆ ಕರೆದು ಕೂರಿಸು. ಬೈಗುಳ ಆಮೇಲೆ.

ನೀನು ಬೈದದ್ದು ಸರಿ. ತಪ್ಪು ನನ್ನದು. ಸುರಂಗ ಬೇಕು ಎಂದು ಅಜ್ಜಿ ಹಠ ಹಿಡಿದದ್ದು ನಿನ್ನ ಅಪ್ಪನ ಕಿವಿಗೆ ಬಿತ್ತು. ಮರುದಿನ ಬೆಳಗ್ಗೆ ಪಿಕ್ಕಾಸು ಹಿಡಿದು ಅಂಗಳದಲ್ಲಿ ನಿಂತಿದ್ದರು. ನಾನು ಆಣೆಯ ನೆನಪು ಮಾಡಿದೆ. "ಮೊಯಿನುದ್ದೀನ್ ಅವತ್ತು ನನ್ನ ಕಾಲು ಹಿಡಿದು ಎಳೆದ. ಅವನ ಉಮ್ಮನಿಗೆ ಕುಡಿಯಲಿಕ್ಕೆ ನೀರಿಲ್ಲ ಅಂತ ಆದಾಗ ನಾನು ಮನೆಯಲ್ಲಿ ಕೂತು ಟೀವಿ ನೋಡುವುದಾ? ಮಗಳಿಗೆ ನಾನೇ ಹೇಳ್ತೇನೆ, ನೀರು ಬಂದ ಮೇಲೆ" ಎಂದರು. ಪ್ರೇಮಕ್ಕ "ಪೇಟೆಗೆ ಹೋಗಿದ್ದಾರೆ" ಎಂದು ಹೇಳಿ ಹೇಳಿ ಸುಸ್ತಾಗಿದ್ದಾರೆ. ನಿನ್ನ ಅಮ್ಮನಿಗೆ ಸುಳ್ಳು ಬರುವುದೇ ಒಂದು, ಅದನ್ನೇ ಎಂಟು ಭಾನುವಾರ ಎಳೆದರು.

ನಾನು ಬರೆಯದೆ ಬಿಟ್ಟದ್ದು ಇನ್ನೂ ಉಂಟು. ಆ ಮುಷ್ಟಿ ದಪ್ಪದ ನೀರು ಐದನೇ ದಿನಕ್ಕೆ ನೂಲಿನಷ್ಟಾಯಿತು. ನಿನ್ನ ಫ್ಲೆಕ್ಸ್ ನಿಂತ ದಿನ ನಮ್ಮ ಸುರಂಗ ಒಣಗಿ ಕೂತಿತ್ತು. ಆಗ ಬರೆಯಲಿಕ್ಕೆ ಕೈ ಬರಲಿಲ್ಲ. ಕುಂಞಣ್ಣನಿಗೆ ಮಾತ್ರ ಎಂತ ಬೇಸರವೂ ಇಲ್ಲ! "ಸುಳ್ಳು ನೀರು ಹೋಯಿತು, ಒಳ್ಳೆಯದಾಯಿತು" ಎಂದು ಮತ್ತೆ ಒಳಗೆ ಹೋದರು. ಈ ಸಲ ಉಪ್ಪನೂ ರಜೆ ಹಾಕಿ ಹಗ್ಗ ಹಿಡಿದು ಕೂತರು. 9ನೇ ತಾರೀಕು, ಮೂವತ್ತೊಂದನೇ ಕೋಲಿಗೆ, ಹೆಬ್ಬೆರಳಿನಷ್ಟು. ಶಬ್ದ ಇಲ್ಲ, ಗಲಾಟೆ ಇಲ್ಲ. ಕುಂಞಣ್ಣ ಹೊರಗೆ ಬಂದು "ಮತ್ತೆ ಒಂದರಿಂದ" ಎಂದರು. ಅಜ್ಜಿ ದಿನ ಎಣಿಸಲು ಗೋಡೆಯ ಮೇಲೆ ಎಳೆದಿದ್ದ ಇದ್ದಿಲಿನ ಗೆರೆಗಳನ್ನು ಒರೆಸಿ ಮತ್ತೆ ಮೊದಲಿನಿಂದ ಎಳೆದರು. ನಿನ್ನ ಕಾಗದ ಬರುವ ಹೊತ್ತಿಗೆ ತೋಡುವುದು ಮುಗಿದಿತ್ತು. ಆ ಮೇಲೆ ಒಂದು ಗೇಣೂ ಬಿಡಲಿಲ್ಲ, ಅದು ಸತ್ಯ.

ನಿನ್ನೆ ಒಂಬತ್ತನೇ ದಿನ. ಹೆಬ್ಬೆರಳು ಹೆಬ್ಬೆರಳೇ ಆಗಿ ಉಳಿದಿತ್ತು. ಸಂಜೆ ಮಸೀದಿಯ ಬಾಂಗಿನ ಹೊತ್ತಿಗೆ ನಿನ್ನ ಅಪ್ಪ, ಅಮ್ಮ, ನಾವೆಲ್ಲ ಸುರಂಗದ ಬಾಯಿಯಲ್ಲಿ. ಬಾಂಗ್ ಕೇಳಿತು. ಅಜ್ಜಿ ಒಂದು ಖರ್ಜೂರ ಬಾಯಿಗಿಟ್ಟು ಚೊಂಬಿನಿಂದ ಆ ನೀರು ಕುಡಿದು ಉಪವಾಸ ಬಿಟ್ಟರು. ಚೊಂಬನ್ನು ತಳದವರೆಗೆ ಖಾಲಿ ಮಾಡಿದರು. ಆಮೇಲೆ ಎಲೆ ತಟ್ಟೆ ಚಾಚಿ, "ತೆಗೋ ಕುಂಞಾ. ಇನ್ನು ಸತಾಯಿಸಬೇಡ" ಎಂದರು. ನಿನ್ನ ಅಪ್ಪ ಎಲೆ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಪ್ರೇಮಕ್ಕ ಬೇರೆ ಕಡೆ ತಿರುಗಿ ಮೂಗೊರೆಸಿದರು.

ಆಮೇಲೆ ನಾನು ನಿನ್ನ ಕಾಗದ ಓದಿ ಹೇಳಿದೆ. ಸಮಿತಿಯ ಗುಟ್ಟನ್ನೂ. ಕ್ಷಮಿಸು, ಇನ್ನು ನನ್ನಲ್ಲಿ ಗುಟ್ಟಿಗೆ ಜಾಗ ಇಲ್ಲ. ಪೂರ್ತಿ ಕೇಳಿ ನಿನ್ನ ಅಪ್ಪ, "ಗುವಾಹಟಿಗೆ ಯಾವ ರೈಲು?" ಎಂದರು.

ಮೂರು ರೈಲು, ನಾಲ್ಕು ದಿನ. ಪ್ರೇಮಕ್ಕ "ಪೇಟೆಗೆ ಹೋಗಿ ಹೋಗಿ ಅಭ್ಯಾಸವಾಗಿದೆ, ಹೋಗಿ ಬರಲಿ" ಎಂದರು. ಕುತ್ತಿಗೆಗೆ ನಾನೊಂದು ಕಾರ್ಡು ಕಟ್ಟಿದ್ದೇನೆ, ನಾಲ್ಕು ಭಾಷೆಯಲ್ಲಿ: "ಈ ಮನುಷ್ಯ ಕಳೆದುಹೋಗಿಲ್ಲ. ಗುವಾಹಟಿಗೆ ಹೋಗುತ್ತಿದ್ದಾರೆ." ಚೀಲದಲ್ಲಿ ಮೇಣ ಹಾಕಿ ಮುಚ್ಚಿದ ಬಾಟಲಿ ಉಂಟು. ಒಂಬತ್ತನೇ ದಿನದ ನೀರು. ಕುಡಿ.

ಫ್ಲೆಕ್ಸ್ ಇಳಿಸಲು ಹೇಳಿದೆ. ನಿಸಾರ್ ಒಪ್ಪಲಿಲ್ಲ. ನಿನ್ನ ಗಲ್ಲದಿಂದ ಡಾಲ್ಫಿನ್‌ವರೆಗೆ ಅಡ್ಡಲಾಗಿ ಒಂದು ಪಟ್ಟಿ ಅಂಟಿಸಿದ್ದಾನೆ: "ಕಾಮಗಾರಿ ಪ್ರಗತಿಯಲ್ಲಿದೆ."

ನಿನ್ನ
ರಸೀನಾ


ಗುವಾಹಟಿ
28 ಮಾರ್ಚ್ 2025

ನನ್ನ ಕಳ್ಳಿ ರಸೀನಾಗೆ,

ಭಾನುವಾರ ಬೆಳಗ್ಗೆ ಹಾಸ್ಟೆಲಿನ ಗೇಟಿನಲ್ಲಿ ಕಾವಲುಗಾರ ಒಬ್ಬ ಅತಿಥಿಯ ಕುತ್ತಿಗೆಯ ಕಾರ್ಡನ್ನು ಗಟ್ಟಿಯಾಗಿ ಓದುತ್ತಿದ್ದ. ಓಡಿ ಹೋದೆ. ಬೈಯಬೇಕೆಂದು ಎರಡು ವಾರ ತಯಾರಿ ಮಾಡಿದ್ದೆ. ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ, "ತಲೆ ಉಂಟಲ್ಲ ಮಗಾ, ಜಾಗದಲ್ಲೇ?" ಎಂದರು. ಎಲ್ಲ ಮರೆತುಹೋಯಿತು. ಅಳು ಮಾತ್ರ ನೆನಪಿತ್ತು.

ಆಗ ನನ್ನ ಕೈಯಲ್ಲಿ ನಾಲ್ಕು ದಿನ, ಒಂದೂ ಒಳ್ಳೆಯ ಗೆರೆ ಇಲ್ಲ. ಮಂಗಳವಾರ ಮೇಡಂ ಅನುಮತಿ ಕೊಟ್ಟರು, ಅಪ್ಪನನ್ನು ಲ್ಯಾಬಿಗೆ ಕರೆದುಕೊಂಡು ಹೋದೆ. ಬಿಳಿ ಕೋಟು ಹಾಕಿದರು, ಪಂಚೆಯ ಮೇಲೆ. ನೋಡಲಿಕ್ಕೆ ನನ್ನ ಸಮಿತಿಯ ಅಧ್ಯಕ್ಷರಿಗಿಂತ ಗಂಭೀರ. ಪುಟ್ಟ ಗಾಜಿನ ಕೊಳವೆ ಹಿಡಿದು ಕೇಳಿದರು:

"ಇದರಲ್ಲಿ ಗುಡ್ಡ ಯಾವುದು?"

"ಗುಳ್ಳೆಗಳು ಅಪ್ಪ. ಕಣ್ಣಿಗೆ ಕಾಣುವುದಿಲ್ಲ."

"ಒಂದು ಗುಡ್ಡಕ್ಕೆ ಸುರಂಗ ಎಷ್ಟು ತೋಡಿದ್ದಿ?"

"ಸಾವಿರಾರು."

ಅಪ್ಪ ನನ್ನ ಮುಖ ನೋಡಿದರು. "ಅಷ್ಟು ತೋಡಿದರೆ ಗುಡ್ಡ ನಿಲ್ತದಾ?"

ರಸೀನಾ, ನಿನಗೆ ಸುಳ್ಳು ಹೇಳುವುದಿಲ್ಲ. ಆ ಅನುಮಾನ ನನಗೆ ಮೊದಲೇ ಬಂದಿತ್ತು. ಕೊಳವೆಗಳು ಹೆಚ್ಚಾಗಿ ಗುಂಪು ಕಟ್ಟಿ, ಪೊರೆಯೇ ಬಿರುಕು ಬಿಟ್ಟು, ಆ ಬಿರುಕಿನಲ್ಲಿ ಉಪ್ಪು ನುಗ್ಗಿರಬಹುದು ಎಂದು. ಎಂಟನೇ ಒಂದು ಪಾಲು ಕೊಳವೆ ಹಾಕಿದ ಗುಳ್ಳೆಗಳು ವಾರದಿಂದ ಫ್ರಿಜ್ಜಿನಲ್ಲಿದ್ದವು. ಅದನ್ನು ಯಂತ್ರಕ್ಕೆ ಹಾಕಲು ಹೆದರಿಕೆ. ಗೆರೆ ಖಂಡಿತ ನಿಧಾನಕ್ಕೆ ಏರುತ್ತದೆ, ಮೂವತ್ತು ಪಟ್ಟು ಎಂದು ಮೆರೆದವಳು ಐದು ಪಟ್ಟು ಎಂದು ಹೇಗೆ ಹೇಳಲಿ? ಮುಷ್ಟಿ ದಪ್ಪ ತೋರಿಸಿದ ಮೇಲೆ ಹೆಬ್ಬೆರಳು ತೋರಿಸಲಿಕ್ಕೆ ನಾಚಿಕೆ.

ಫ್ರಿಜ್ಜಿನ ಬಾಗಿಲು ತೆಗೆದೆ.

ಗೆರೆ ಏರಿತು. ಮೆತ್ತಗೆ. ನಾಲ್ಕೂವರೆ ಪಟ್ಟು. ಎರಡು ಸೆಕೆಂಡು. ಇಪ್ಪತ್ತು ಸೆಕೆಂಡು. ನಾನು ಕಣ್ಣು ಮುಚ್ಚಿದೆ. "ಎಷ್ಟು ಹೊತ್ತು ನೋಡುವುದು?" ಎಂದರು ಅಪ್ಪ. "ಒಂಬತ್ತು ನಿಮಿಷ" ಎಂದೆ. ಅವರು ಸ್ಟೂಲು ಎಳೆದು ಪಕ್ಕದಲ್ಲಿ ಕೂತರು. ಎರಡು ನಿಮಿಷ. ಐದು. ಮೇಡಂ ಬಂದು ಹಿಂದೆ ನಿಂತದ್ದು ನನಗೆ ಗೊತ್ತೇ ಆಗಲಿಲ್ಲ. ಏಳು. ಅಪ್ಪ ಪರದೆಯನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು. ಎಂಟು. ಒಂಬತ್ತು! ಗೆರೆ ನಮ್ಮ ಅಂಗಳದ ಕಟ್ಟೆಯ ಹಾಗೆ ನೇರ, ಕೂದಲೆಳೆ ಇಳಿದಿಲ್ಲ! ಉಪ್ಪು ಹೊರಗೇ ನಿಂತಿದೆ ರಸೀನಾ! ನೀರು ದಾಟಿದೆ, ಉಪ್ಪು ನಿಂತಿದೆ! ನಾನು ಕಿರುಚಿದ್ದಕ್ಕೆ ಪಕ್ಕದ ಲ್ಯಾಬಿನವರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಬಂದರು.

ಬುಧವಾರ ಹೊಸ ಗುಳ್ಳೆ ಮಾಡಿ ಇನ್ನೂ ಆರು ಸಲ ನೋಡಿದೆ. ಆರು ಸಲವೂ ನೇರ.

ನಿನ್ನೆ ಸಮಿತಿ. ಮೊದಲು ಬಿದ್ದ ಗೆರೆಯನ್ನೇ ತೋರಿಸಿದೆ, ಕತ್ತರಿಸಿದ್ದನ್ನೂ ಹೇಳಿದೆ, ಆಮೇಲೆ ನಿಂತ ಗೆರೆ. ಅಧ್ಯಕ್ಷರು ಕನ್ನಡಕ ತೆಗೆದು, "ಒಂಬತ್ತು ನಿಮಿಷ ಏಕೆ? ಯಾವ ಪ್ರಬಂಧದಲ್ಲಿದೆ?" ಎಂದರು. "ನಮ್ಮ ಮನೆಯ ಕ್ರಮ ಸರ್" ಎಂದೆ. ನಕ್ಕರು. ಮೂರು ಗಂಟೆ ನೀರು ಕುಡಿಸಿದರು, ಕೊನೆಗೆ ಒಪ್ಪಿದರು. ವಿಷಯ ಉಳಿಯಿತು. ಬರೆದು ಮುಗಿಸಲು ಹತ್ತು ತಿಂಗಳು ಸಿಕ್ಕಿತು!

ಹೊರಗೆ ಬೆಂಚಿನ ಮೇಲೆ ಅಪ್ಪ ಕೂತಿದ್ದರು, ಕುತ್ತಿಗೆಯಲ್ಲಿ ಕಾರ್ಡು ಹಾಗೆಯೇ. ನಾನು ತಲೆಯಾಡಿಸಿದೆ. ಅವರು ಮೊದಲು ಬಾಟಲಿಯ ಮೇಣ ಒಡೆದು ನೀರು ಕುಡಿಸಿದರು. ಆಮೇಲೆ ಮಡಿಲಿನ ಸಂಚಿ ಬಿಚ್ಚಿ, ಉಮ್ಮಾಲಿಮ್ಮ ಕೊಟ್ಟ ಎಲೆಗಳಲ್ಲಿ ಬಾಡದೆ ಉಳಿದ ಒಂದನ್ನು ಆರಿಸಿ, ಪಂಚೆಗೆ ಒರೆಸಿ, ಅಡಕೆ ಇಟ್ಟು, ಎರಡು ಕೈಯಲ್ಲಿ ನನಗೆ ಚಾಚಿದರು. ಮನೆಯವರು ಸುರಂಗದವರಿಗೆ ಕೊಡುವ ಹಾಗೆ.

ಎಲೆಯನ್ನು ಕಣ್ಣಿಗೆ ಒತ್ತಿಕೊಂಡೆ. ಖಾರ ಇತ್ತು, ಅಷ್ಟೇ. ಬೇರೆ ಕಾರಣ ಇಲ್ಲ.

ಅಜ್ಜಿಗೆ ಹಬ್ಬದ ಶುಭಾಶಯ ಹೇಳು. ಮತ್ತೆ ನಿಸಾರನಿಗೆ ಹೇಳು, ಫ್ಲೆಕ್ಸಿನ ಪಟ್ಟಿಯನ್ನು ಈಗಲೇ ತೆಗೆಯುವುದು ಬೇಡ. ಈ ಕಾಗದ ತಲುಪಿದ ಮೇಲೂ ಒಂಬತ್ತು ದಿನ ಹಾಗೆಯೇ ಇರಲಿ.

ನಿನ್ನ
ರಶ್ಮಿತಾ